ಹಾರಿದ ನೊಣ

ಬುಟ್ಟಿಯಲ್ಲಿದ್ದ ಬಾಳೆಹಣ್ಣಿನ ತೊಟ್ಟು ಕಪ್ಪಾಗಿತ್ತು. ಅದರ ಮೇಲೆ ಎಳ್ಳಿಗಿಂತ ಚಿಕ್ಕದೊಂದು ನೊಣ ಕೂತು ಮುಂಗಾಲು ಉಜ್ಜಿಕೊಳ್ಳುತ್ತಿತ್ತು. ಅವನು ಕಾಫಿ ಲೋಟ ಕೆಳಗಿಡದೆ ಅದನ್ನೇ ನೋಡುತ್ತ ಕೂತ. ಹೆಣ್ಣು. ಹೊಟ್ಟೆಯ ತುದಿ ಚೂಪಾಗಿತ್ತು, ಗಂಡಿನದರ ಹಾಗೆ ಕಪ್ಪಗೆ ದುಂಡಗೆ ಇರಲಿಲ್ಲ. ಅಷ್ಟು ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚು, ತಲೆ ಅರ್ಧ ನರೆಯುವ ತನಕ ಇದೇ ಕೆಲಸ ಮಾಡಿಕೊಂಡು ಬಂದ ಅವನಿಗೂ ಗೊತ್ತಾಗುವಂತಿರಲಿಲ್ಲ. ಹೆಂಡತಿ ಒಲೆಯ ಕಡೆಯಿಂದ ತಿರುಗಿ, ಅವನ ದೃಷ್ಟಿ ಎಲ್ಲಿ ನೆಟ್ಟಿದೆ ಅಂತ ಕಂಡುಕೊಂಡು, "ನಿಮ್ಮ ನೆಂಟರು ಬಂದಿದಾರೆ, ಮಾತಾಡಿಸಿ ಕಳಿಸಿ," ಎಂದಳು. ಇದು ಮದುವೆಯಾದ ಹೊಸತರಿಂದ ಬಂದ ತಮಾಷೆ. ಅವನು ಪ್ರತಿಸಲ ನಗುತ್ತಿದ್ದ, ಇವತ್ತು ನಗಲಿಲ್ಲ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತಳು. "ನಿನ್ನೆ ಸಂಜೆಯಿಂದ ಒಂಥರಾ ಇದೀರಿ. ಏನಾಯ್ತು?" "ಏನಿಲ್ಲ. ಇವತ್ತು ಮಧ್ಯಾಹ್ನ ಹುಡುಗಿದು ಭಾಷಣ ಇದೆ." "ಭಾಷಣ ಮಾಡೋಳು ಅವಳು. ಹೊಟ್ಟೆ ತೊಳಸೋದು ನಿಮಗಾ?" ಎಂದು ಅವಳು ಬಾಳೆಹಣ್ಣನ್ನು ಎತ್ತಿ ಕಸದ ಡಬ್ಬಿಗೆ ಹಾಕಿದಳು. ನೊಣ ಎದ್ದು ದೀಪದ ಸುತ್ತ ಒಂದು ಸುತ್ತು ಹಾಕಿ ಎಲ್ಲೋ ಕಾಣೆಯಾಯಿತು. ಎಲ್ಲಿ ಹೋಯಿತೆಂದು ಅವನು ಹುಡುಕಿದ, ಸಿಗಲಿಲ್ಲ.

ಹುಡುಗಿ ಎಂದರೆ ಅವನ ಕೈಕೆಳಗೆ ಡಾಕ್ಟರೇಟು ಮಾಡುತ್ತಿರುವವಳು. ವಯಸ್ಸಿನಲ್ಲಿ ಹುಡುಗಿಯೇನಲ್ಲ, ಆದರೆ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಹುಡುಗಿಯೇ. ಈ ಕೆಲಸಕ್ಕೆ ಅವಳು ತನ್ನ ಪ್ರಾಯದ ಒಳ್ಳೆಯ ವರ್ಷಗಳನ್ನು ಸುರಿದಿದ್ದಳು. ಇವತ್ತು ಇಡೀ ವಿಭಾಗದ ಮುಂದೆ ನಿಂತು ತಾನು ಕಂಡದ್ದನ್ನು ಹೇಳಿದರೆ, ಅವರು ತಲೆಯಾಡಿಸಿದರೆ, ಪ್ರಬಂಧ ಬರೆದು ಕೊಡುವುದಷ್ಟೇ ಬಾಕಿ. ಅವಳು ಕಂಡದ್ದು ಸುಳ್ಳು ಎಂದು ನಿನ್ನೆ ಸಂಜೆಯಿಂದ ಅವನಿಗೆ ಗೊತ್ತು. ಸುಳ್ಳು ಎನ್ನುವುದೂ ಸರಿಯಲ್ಲ, ಅವಳ ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಸೀಸೆಯಲ್ಲಿ. ಆ ತಪ್ಪನ್ನು ಸೀಸೆಯೊಳಗೆ ಹಾಕಿದ ಕೈ ಈಗ ಕಾಫಿ ಲೋಟ ಹಿಡಿದುಕೊಂಡಿತ್ತು. ಅವನು ತನ್ನ ಕೈಯನ್ನು ನೋಡಿಕೊಂಡ, ಬೇರೆ ಯಾರದ್ದೋ ಕೈಯನ್ನು ನೋಡುವ ಹಾಗೆ. ಉಗುರು ಸ್ವಲ್ಪ ಬೆಳೆದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಹೆಂಗಸಿನ ಕತ್ತು, ಅದರ ಮೇಲೆ ಬಿಗಿದು ಕಟ್ಟಿದ ಕೂದಲು. ಅವನಿಗೆ ಚಿಕ್ಕಮ್ಮನ ನೆನಪಾಯಿತು. ಅಮ್ಮ ಮತ್ತು ಚಿಕ್ಕಮ್ಮ ಹಿಂದಿನಿಂದ ನೋಡಿದರೆ ಒಬ್ಬರೇ. ಅವನಿಗೆ ಆರೋ ಏಳೋ ವರ್ಷ. ಚಿಕ್ಕಮ್ಮ ಮನೆಗೆ ಬಂದು ವಾರವಾಗಿತ್ತು. ಕಿಟಕಿಯ ಹತ್ತಿರ ಬಟ್ಟೆ ಮಡಿಸುತ್ತ ನಿಂತಿದ್ದ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡು, ಸೊಂಟಕ್ಕೆ ಮುಖ ಒತ್ತಿ, ಚಿಕ್ಕಮ್ಮ ಯಾವಾಗ ಹೋಗ್ತಾಳೆ, ಅವಳು ಬಾಯಿ ಚಪ್ಪರಿಸಿಕೊಂಡು ತಿಂತಾಳೆ, ನನ್ನ ಹಾಸಿಗೆ ಕಿತ್ತುಕೊಂಡಳು, ಅವಳನ್ನ ಕಳಿಸಿಬಿಡಮ್ಮ ಎಂದೆಲ್ಲ ಹೇಳಿದ್ದ. ಕೈ ಅವನ ತಲೆ ಸವರಿತು. "ಆಯ್ತು ಕಂದ," ಎಂದ ದನಿ ಅಮ್ಮನದಾಗಿರಲಿಲ್ಲ. ಅವನು ಓಡಿಹೋಗಿ ಮಂಚದ ಕೆಳಗೆ ಬಚ್ಚಿಟ್ಟುಕೊಂಡಿದ್ದ. ಚಿಕ್ಕಮ್ಮ ಮಾರನೆಯ ದಿನವೇ ಏನೋ ನೆಪ ಹೇಳಿ ಹೊರಟಳು. ಯಾಕೆ ಹೊರಟಳೆಂದು ಅಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತನಗಲ್ಲದ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಇಟ್ಟುಕೊಂಡವಳು ಚಿಕ್ಕಮ್ಮ. ಸುಮ್ಮನಿರುವುದೂ ಒಂದು ಬಗೆಯ ಒಳ್ಳೆಯತನವೇ ಅಲ್ಲವೇ ಎಂದು ಅವನು ಕೇಳಿಕೊಂಡ. ಈ ಪ್ರಶ್ನೆ ಇವತ್ತೇ ಯಾಕೆ ಹುಟ್ಟಿತು ಎಂಬುದೂ ತಕ್ಷಣ ಹೊಳೆಯಿತು. ಮುಂದಿನ ಸೀಟಿನ ಹೆಂಗಸು ಇಳಿದುಹೋದಳು. ಮುಖ ಬೇರೆಯೇ ಇತ್ತು.

ನೊಣದ ಕೋಣೆಯಲ್ಲಿ ಹುಳಿ ಹಿಡಿದ ಗಂಜಿಯ ವಾಸನೆ. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಹಾಕಿ ಕುದಿಸಿದ ಗಂಜಿಯನ್ನು ಬೆರಳುದ್ದದ ಗಾಜಿನ ಸೀಸೆಗಳ ತಳಕ್ಕೆ ಸುರಿದು, ಅದರ ಮೇಲೆ ನೊಣ ಬಿಟ್ಟು, ಬಾಯಿಗೆ ಹತ್ತಿ ತುರುಕಿ ಇಟ್ಟರೆ ಅದೇ ಅವುಗಳ ಊರು, ಅದೇ ಸ್ಮಶಾನ. ಗೋಡೆಯ ಉದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಸೀಸೆಗಳು. ಎಡಗಡೆಯ ಹಲಗೆ ಪೂರ್ತಿ ಊರಿನವಳದು. ಬಲಗಡೆಯದು ಗುಡ್ಡದವಳದು. ಈ ಹೆಸರು ಇಟ್ಟವಳು ಹುಡುಗಿಯೇ. ಊರಿನವಳು ಎಲ್ಲರ ಅಡುಗೆಮನೆಯಲ್ಲೂ ಇರುವ ನೊಣ, ಅವನು ಇಲ್ಲಿಗೆ ಸೇರುವ ಮೊದಲಿನಿಂದಲೂ ಈ ಸೀಸೆಗಳಲ್ಲಿ ತಲೆಮಾರಿನ ಮೇಲೆ ತಲೆಮಾರು ಹೆತ್ತುಕೊಂಡು ಬಂದದ್ದು. ಗುಡ್ಡದವಳು ದೂರದ ತಣ್ಣನೆಯ ಗುಡ್ಡದ ಮೇಲೆ ಮಾತ್ರ ಸಿಗುತ್ತಾಳೆ. ಹುಡುಗಿ ಕಾಡುಹಣ್ಣಿನ ಕೆಳಗೆ ಮೊಣಕಾಲೂರಿ ಹಿಡಿದು ತಂದಿದ್ದಳು. ಎರಡೂ ಅಕ್ಕತಂಗಿ ಜಾತಿ. ಗಂಡುಗಳ ಹಿಂತುದಿಯಲ್ಲಿ ಒಂದು ಕೊಕ್ಕೆಯ ಆಕಾರ ಬೇರೆ, ಅದನ್ನು ಮೈಕ್ರೋಸ್ಕೋಪಿನಡಿ ನೋಡಿ ಗುರುತಿಸಬಹುದು. ಹೆಣ್ಣುಗಳನ್ನು ಬ್ರಹ್ಮ ಬಂದರೂ ಗುರುತಿಸಲಾರ. ಡಿಎನ್‌ಎ ಓದಿದರೆ ಮಾತ್ರ ಬಯಲಾಗುತ್ತದೆ: ಒಂದು ಮನೆತನ ಎರಡಾಗಿ ಒಡೆದು ಎಷ್ಟು ಕಾಲವಾಯಿತೋ ಅದಕ್ಕೆ ತಕ್ಕಷ್ಟು ಅಕ್ಷರಗಳು ಅಲ್ಲೊಂದು ಇಲ್ಲೊಂದು ಬದಲಾಗಿರುತ್ತವೆ. ಬದಲಾದ ಅಕ್ಷರಗಳನ್ನು ಎಣಿಸಿ ಒಡೆದ ಕಾಲವನ್ನು ಹೇಳುವುದು ಹುಡುಗಿಯ ಕೆಲಸ. "ಎರಡು ನೊಣ ಯಾವಾಗ ಬೇರೆ ಮನೆ ಮಾಡಿದವು ಅಂತ ತಿಳ್ಕೊಳ್ಳೋಕೆ ಸರ್ಕಾರ ಸಂಬಳ ಕೊಡುತ್ತಾ?" ಎಂದು ಭಾವಮೈದ ಒಮ್ಮೆ ಕೇಳಿದ್ದ. "ಅಂತೂ ಭಾವ, ನೊಣ ಹೊಡ್ಕೊಂಡು ಕೂತಿದಾನೆ ಅಂತ ನಿಮ್ಮನ್ನ ಯಾರೂ ಬಯ್ಯೋ ಹಾಗಿಲ್ಲ." ಎಲ್ಲರೂ ನಕ್ಕಿದ್ದರು, ಅವನೂ.

ನಿನ್ನೆ ಸಂಜೆ ಹುಡುಗಿ ಪರದೆಯ ಮೇಲೆ ತೋರಿಸಿದ ಚಿತ್ರದಲ್ಲಿ ಗುಡ್ಡದವಳ ಡಿಎನ್‌ಎ ಬೂದಿ ಬಣ್ಣದ ಉದ್ದನೆಯ ಪಟ್ಟಿಯಾಗಿತ್ತು. ನಡುನಡುವೆ ಕೆಂಪು ತುಂಡುಗಳು. ಕೆಂಪು ಇದ್ದಲ್ಲೆಲ್ಲ ಅಕ್ಷರಗಳು ಊರಿನವಳವು. ಬೇರೆ ಮನೆ ಮಾಡಿ ಲಕ್ಷಗಟ್ಟಲೆ ವರ್ಷಗಳಾದ ಮೇಲೆ ಅಕ್ಕತಂಗಿಯರು ಮತ್ತೆ ಕೂಡಿದ್ದಾರೆ, ಊರಿನವಳು ಹಣ್ಣಿನ ಬುಟ್ಟಿಗಳ ಜೊತೆ ಗುಡ್ಡ ಹತ್ತಿ ಅಲ್ಲಿನ ಗಂಡನ್ನು ಕೂಡಿಕೊಂಡಿದ್ದಾಳೆ ಎಂದು ಹುಡುಗಿ ಹೇಳಿದಳು. ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ಅವನು ಕೆಂಪು ತುಂಡುಗಳ ಉದ್ದವನ್ನು ನೋಡುತ್ತಿದ್ದ. ಬೆರಕೆಯಾದ ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ಕತ್ತರಿಸಿಕೊಂಡು ಅದಲುಬದಲಾಗುತ್ತ ಹೋಗುತ್ತದೆ. ಹಳೆಯ ಬೆರಕೆಯಾದರೆ ಚೂರು ಚೂರಾಗಿರಬೇಕು. ಇವು ಉದ್ದ ಉದ್ದ ಇದ್ದವು. ನಿನ್ನೆ ಮೊನ್ನೆ ಕೂಡಿದ ಹಾಗೆ. ಕಳೆದ ಬೇಸಿಗೆ ನೆನಪಾಯಿತು. ಬಾಯಿ ಮಾತ್ರ, "ಚೆನ್ನಾಗಿದೆ ಕಣಮ್ಮ," ಎಂದಿತ್ತು.

ಕಳೆದ ಬೇಸಿಗೆಯಲ್ಲಿ ಹುಡುಗಿಯ ಅಪ್ಪ ಆಸ್ಪತ್ರೆ ಸೇರಿದಾಗ, "ನೀನು ಹೊರಡು, ನೊಣ ನಾನು ನೋಡ್ಕೋತೀನಿ," ಎಂದವನು ಅವನೇ. ಅವಳು ಹೋದ ಎರಡನೆಯ ವಾರ ಕೋಣೆಯನ್ನು ತಂಪಿಡುವ ಯಂತ್ರ ಕೆಟ್ಟಿತು. ಊರಿನವಳಿಗೆ ಸೆಕೆ ಹೊಸದಲ್ಲ. ಗುಡ್ಡದವಳು ಸೀಸೆ ಸೀಸೆಯಲ್ಲಿ ಗಂಜಿಗೆ ಅಂಟಿಕೊಂಡು ಸತ್ತುಬಿದ್ದಳು. ಒಂದು ಸೀಸೆಯಲ್ಲಿ ಮಾತ್ರ ಒಂದು ಚಿಟಿಕೆಯಷ್ಟು ಜೀವ ಉಳಿದಿತ್ತು. ಅವನ್ನು ಹೊಸ ಗಂಜಿಗೆ ದಾಟಿಸುವಾಗ, ಹಳೆ ಸೀಸೆಯ ಬಾಯಿಗೆ ಹೊಸ ಸೀಸೆಯ ಬಾಯಿ ಕೊಟ್ಟು ತಟ್ಟುವಾಗ, ಬೆವರಿದ ಕೈ ಜಾರಿತು. ಕೆಲವು ಹಾರಿದವು. ಅವನ ಹೀರುಗೊಳವೆ ಎಲ್ಲೋ ಇತ್ತು, ಹುಡುಗಿಯದು ಮೊಳೆಗೆ ನೇತಾಡುತ್ತಿತ್ತು. ಒಂದು ತುದಿ ಬಾಯಲ್ಲಿಟ್ಟು ಹೀರಿದರೆ ಇನ್ನೊಂದು ತುದಿಯ ಗಾಜಿನೊಳಗೆ ನೊಣ ಬಂದು ನಿಲ್ಲುವ ಕೊಳವೆ ಅದು. ಬಾಯಿಗೆ ಇಡುವುದಾದ್ದರಿಂದ ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅವಳದಕ್ಕೆ ಬಾಯಿಯ ಕಡೆ ನೀಲಿ ಟೇಪು ಸುತ್ತಿತ್ತು. ಅವನು ಅದನ್ನೇ ಕಿತ್ತುಕೊಂಡು ಕಿಟಕಿಯ ಗಾಜಿನ ಮೇಲೆ ಕೂತಿದ್ದ ಒಂದನ್ನು ಹೀರಿ ಹಿಡಿದ. ಹೊಟ್ಟೆ ತುಂಬ ಮೊಟ್ಟೆಯಿದ್ದ ಹೆಣ್ಣು.

ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು, ಹೊಸಬರಿಗೆ ಮೊದಲ ದಿನ ಅವನೇ ಹೇಳಿಕೊಡುತ್ತಿದ್ದದ್ದು: ಒಮ್ಮೆ ಸೀಸೆಯಿಂದ ಹೊರಗೆ ಹಾರಿದ ನೊಣವನ್ನು ವಾಪಸ್ ಸೀಸೆಗೆ ಹಾಕಕೂಡದು. ಅದು ಈಗ ತಾನೇ ಹಾರಿದ್ದೇ ಆಗಿರಬಹುದು, ಕೋಣೆಯಲ್ಲಿ ಮೊದಲಿನಿಂದ ಅಲೆಯುತ್ತಿದ್ದ ಇನ್ಯಾವುದೋ ಆಗಿರಬಹುದು. ಖಚಿತವಿಲ್ಲದಿದ್ದರೆ ಕೊಲ್ಲು. ಅವನು ಆ ಹೆಣ್ಣನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದ, ನೋಡಿದರೆ ಏನೂ ತಿಳಿಯುವುದಿಲ್ಲವೆಂದು ಗೊತ್ತಿದ್ದೂ. ಸೀಸೆಯಲ್ಲಿ ಉಳಿದಿದ್ದದ್ದರಲ್ಲಿ ಹೆಚ್ಚಿನವು ಗಂಡು. ಹೆಣ್ಣು ಸಾಲದೆ ಹೋದರೆ ವಂಶ ಮುಗಿಯಿತು. ಹುಡುಗಿಯ ಅಪ್ಪ ಆಗ ಮಾತು ನಿಲ್ಲಿಸಿದ್ದರು. 'ಇದು ಅದೇ,' ಎಂದುಕೊಂಡು ಒಳಗೆ ಊದಿದ. ಆಮೇಲೆ ಹುಟ್ಟಿದ ಗಂಡುಮರಿಗಳ ಹಿಂತುದಿ ನೋಡಿದ್ದರೆ ತಿಳಿಯಬಹುದಿತ್ತು. ನೋಡಲಿಲ್ಲ. ಹುಡುಗಿಯ ಅಪ್ಪ ಉಳಿಯಲಿಲ್ಲ, ನೊಣ ಉಳಿಯಿತು. ಅವಳು ವಾಪಸ್ ಬಂದು ಬಲಗಡೆಯ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. "ಇವನ್ನಾದ್ರೂ ಉಳಿಸಿಕೊಟ್ರಲ್ಲ ಸರ್," ಎಂದಿದ್ದಳು. ಅವನು ಏನೋ ಕೆಲಸವಿದ್ದವನ ಹಾಗೆ ಹೊರಗೆ ಹೋಗಿದ್ದ.

ಈಗ ಅವಳು ಆ ಹಲಗೆಗಳ ಕಡೆ ಮುಖ ಮಾಡಿ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದಳು. ಕೈಯಾಡಿಸುತ್ತ, ನಡುವೆ ತಡೆದು, ಮತ್ತೆ ಮೊದಲಿನಿಂದ. ಹೊಸ ಬಟ್ಟೆ ಹಾಕಿದ್ದಳು, ಹಿಂದೆ ಕತ್ತಿನ ಹತ್ತಿರ ಅಂಗಡಿಯ ಚೀಟಿ ಇನ್ನೂ ಇತ್ತು. ಅದನ್ನು ಹೇಳಬೇಕು ಎಂದುಕೊಂಡ. ಅದಕ್ಕಿಂತ ಮುಂಚೆ ಇದನ್ನು ಹೇಳಬೇಕು. ಹೇಳುವುದು ಸುಲಭ: ಆ ಬೇಸಿಗೆಯಲ್ಲಿ ನಾನು ಹಾರಿದ ನೊಣವನ್ನು ವಾಪಸ್ ಹಾಕಿದೆ. ಇಷ್ಟೇ. ಚಿಕ್ಕ ಮಗುವೂ ಹೇಳಬಲ್ಲ ವಾಕ್ಯ. ಅವನು ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿದ, ಚೆನ್ನಾಗಿಯೇ ಇತ್ತು. "ಬನ್ನಿ ಸರ್," ಎಂದಳು ಅವಳು. "ಅಮ್ಮ ಬೆಳಿಗ್ಗೆ ಫೋನು ಮಾಡಿದ್ರು. ನಿಮ್ಮ ಸರ್‌ಗೆ ನಮಸ್ಕಾರ ಹೇಳು ಅಂದ್ರು. ನಿಮ್ಮಪ್ಪ ಇದ್ದಿದ್ರೆ ಮುಂದಿನ ಸಾಲಲ್ಲಿ ಕೂತು ನಿದ್ದೆ ಮಾಡ್ತಿದ್ರು ಅಂತ ನಗ್ತಿದ್ರು." ಅವನೂ ನಕ್ಕ. ನಕ್ಕ ಮೇಲೆ ಆ ವಾಕ್ಯ ಬರಲಿಲ್ಲ. ಬದಲಿಗೆ ಬಂದದ್ದು ಬೇರೆ. "ಆ ಕೆಂಪು ತುಂಡುಗಳು... ಸ್ವಲ್ಪ ಉದ್ದ ಆಯ್ತು ಅನ್ಸಲ್ವಾ ನಿನಗೆ?"

ಅವಳು ಅವನನ್ನು ನೋಡಿದಳು. "ನನಗೂ ಅನ್ಸಿತ್ತು ಸರ್. ಈಚೆಗೆ ಕೂಡಿರೋದು ಅಂತ ಅಂದ್ಕೊಂಡೆ." "ಎಷ್ಟು ಈಚೆಗೆ?" ಎಂದು ಕೇಳಿದ. ಕೇಳಿ, ಕಿಟಕಿಯ ಕಡೆ ತಿರುಗಿದ. ಅವಳ ದೃಷ್ಟಿ ಬಲಗಡೆಯ ಹಲಗೆಯಿಂದ ಎಡಗಡೆಯ ಹಲಗೆಗೆ ನಿಧಾನವಾಗಿ ಹೋದದ್ದು ಗಾಜಿನಲ್ಲಿ ಕಂಡಿತು. "ಒಂದು ನಿಮಿಷ ಸರ್," ಎಂದವಳು ಕಂಪ್ಯೂಟರಿನ ಕೋಣೆಗೆ ಹೋದಳು. ಚೀಟಿ ಕತ್ತಿನ ಹಿಂದೆ ಅಲ್ಲಾಡುತ್ತಿತ್ತು. ಅವನಿಗೆ ಹಗುರವಾಯಿತು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಅವಳು ಜಾಣೆ. ಆ ಕೆಂಪು ತುಂಡುಗಳನ್ನು ಎಡಗಡೆಯ ಸೀಸೆಗಳ ಡಿಎನ್‌ಎ ಪಕ್ಕದಲ್ಲಿಟ್ಟು ನೋಡುತ್ತಾಳೆ. ಹೊರಗಿನ ಯಾವ ನೊಣಕ್ಕೂ ಇಲ್ಲದ, ಈ ಕೋಣೆಯಲ್ಲೇ ಹುಟ್ಟಿ ಬೆಳೆದ ಅಕ್ಷರಗಳು ಒಂದೊಂದೂ ಹೊಂದುತ್ತವೆ. ಬೆರಕೆಯಾದದ್ದು ಗುಡ್ಡದ ಮೇಲಲ್ಲ, ಈ ಕೋಣೆಯಲ್ಲಿ ಎಂದು ತಿಳಿಯುತ್ತದೆ. ತಿಳಿದ ಮೇಲೆ ಬಂದು ಕೇಳುತ್ತಾಳೆ, ಕೇಳಿದಾಗ ಹೇಳಿದರಾಯಿತು. ಕೇಳಿದವರಿಗೆ ಹೇಳುವುದು ತಾನಾಗಿ ಹೇಳುವುದಕ್ಕಿಂತ ಕಷ್ಟವಲ್ಲ. ಅವನು ಕೈ ತೊಳೆದುಕೊಂಡ, ಟವೆಲ್ಲಿಗೆ ಒರೆಸಿಕೊಂಡ.

ಊಟದ ಹೊತ್ತಿಗೂ ಅವಳು ಬರಲಿಲ್ಲ. ವಿಭಾಗದ ಮುಖ್ಯಸ್ಥೆ ತಟ್ಟೆ ಹಿಡಿದುಕೊಂಡು ಬಂದು ಅವನ ಎದುರಿಗೆ ಕೂತಳು. ಒಂದು ಕಾಲದಲ್ಲಿ ಅವಳಿಗೂ ಹೀರುಗೊಳವೆ ಹಿಡಿಯುವುದನ್ನು ಹೇಳಿಕೊಟ್ಟವನು ಅವನೇ. ಅವಳು ಅವನನ್ನು ಸರ್ ಎನ್ನುತ್ತಾಳೆ, ಅವನು ಅವಳನ್ನು ಮೇಡಂ ಎನ್ನುತ್ತಾನೆ. ಈ ಏರ್ಪಾಡು ಹೇಗೆ ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲ. "ನಿಮ್ಮ ಹುಡುಗಿದು ಒಳ್ಳೆ ಕೈ ಸರ್," ಎಂದಳು. "ನಿಮ್ಮ ಕೈಲಿ ಪಳಗಿದವರದ್ದು ಒಂದು ಸೀಸೆ ತಪ್ಪಾಗಲ್ಲ ಅಂತ ನಾನು ಯಾವಾಗಲೂ ಹೇಳ್ತಿರ್ತೀನಿ." ಇದು ಮೆಚ್ಚುಗೆಯೋ, ನಿಮ್ಮಿಂದ ಇಷ್ಟು ವರ್ಷದಲ್ಲಿ ಆದದ್ದು ಸೀಸೆ ಜೋಪಾನ ಮಾಡುವುದೊಂದೇ ಎಂಬ ಮಾತೋ? ಮೆಚ್ಚುಗೆಯೇ ಇರಬೇಕು, ಅವಳ ಮುಖದಲ್ಲಿ ಕಪಟವಿರಲಿಲ್ಲ. ಈಗ ಹೇಳಬಹುದಿತ್ತು. "ಇವತ್ತು ಉಪ್ಪು ಜಾಸ್ತಿ ಆಗಿದೆ," ಎಂದ. "ಹೌದಾ?" ಎಂದು ಅವಳು ರುಚಿ ನೋಡಿದಳು. "ನನಗೇನೂ ಅನ್ನಿಸ್ತಿಲ್ಲ."

ಸಭಾಂಗಣದಲ್ಲಿ ಅವನು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತ. ಹುಡುಗಿ ಕೊನೆಯ ಗಳಿಗೆಯಲ್ಲಿ ಬಂದಳು, ಚೀಟಿ ಕಿತ್ತಿದ್ದಳು. ಅವನ ಕಡೆ ನೋಡಲಿಲ್ಲ. ಅಕ್ಷರಗಳನ್ನು ಎಣಿಸಿದ ಬಗೆ, ಅಕ್ಕತಂಗಿಯರು ಬೇರೆಯಾದ ಕಾಲ, ಎಲ್ಲವನ್ನೂ ಸರಾಗವಾಗಿ ಹೇಳಿದಳು. ಕೆಂಪು ತುಂಡುಗಳ ಚಿತ್ರ ಬಂತು. ಅದನ್ನು ಪರದೆಯ ಮೇಲೆ ಬಿಟ್ಟು ಒಂದು ಲೋಟ ನೀರು ಕುಡಿದಳು. "ಇದು ನನ್ನ ಮುಖ್ಯವಾದ ಫಲಿತಾಂಶ ಅಂತ ಇವತ್ತು ಬೆಳಿಗ್ಗೆ ತನಕ ಅಂದ್ಕೊಂಡಿದ್ದೆ," ಎಂದಳು. "ಇದು ತಪ್ಪು. ಈ ತುಂಡುಗಳು ನಮ್ಮ ಕೋಣೆಯ ಊರಿನ ನೊಣದವು. ಅಕ್ಷರ ಅಕ್ಷರ ಹೊಂದುತ್ತೆ. ನಮ್ಮ ಗುಡ್ಡದ ಸೀಸೆಗೆ ಊರಿನ ನೊಣ ಸೇರಿದೆ." ಯಾರೋ ಕೆಮ್ಮಿದರು. ಮುಖ್ಯಸ್ಥೆ ಕನ್ನಡಕ ತೆಗೆದು, "ಯಾವಾಗ ಸೇರಿತು? ಹೇಗೆ?" ಎಂದು ಕೇಳಿದಳು. ಹುಡುಗಿ ತಡವರಿಸಲಿಲ್ಲ. ಅಷ್ಟು ಹೊತ್ತೂ ಇದನ್ನೇ ಯೋಚಿಸಿದ್ದವಳ ಹಾಗೆ ಹೇಳಿದಳು: "ಅಪ್ಪ ತೀರಿಕೊಂಡ ಮೇಲೆ ವಾಪಸ್ ಬಂದೆನಲ್ಲ ಮೇಡಂ, ಆಗ. ಆ ದಿನಗಳಲ್ಲಿ ನನಗೆ ಕೈ ಎಲ್ಲಿತ್ತು, ತಲೆ ಎಲ್ಲಿತ್ತು, ಗೊತ್ತಿಲ್ಲ. ಎಲ್ಲೋ ಒಂದು ನೊಣ ಬಿಟ್ಟುಕೊಂಡಿದೀನಿ. ಅದಕ್ಕೆ ಮುಂಚೆ ಸರ್ ನೋಡ್ಕೋತಿದ್ರು, ಆಗ ಆಗಿರೋಕೆ ಸಾಧ್ಯ ಇಲ್ಲ. ತಪ್ಪು ನನ್ನದೇ."

ತಲೆಗಳು ಅವನ ಕಡೆ ತಿರುಗಿದವು. ಎಲ್ಲ ಮುಖಗಳಲ್ಲೂ ಮರ್ಯಾದೆ ಇತ್ತು, ಕೆಲವುಗಳಲ್ಲಿ ಮರುಕವೂ. ಅವನ ಬೆರಳು ಕುರ್ಚಿಯ ತೋಳಿನ ಬಣ್ಣದ ಹಕ್ಕಳೆಯೊಂದನ್ನು ಕೀಳುತ್ತಿತ್ತು. ಹಕ್ಕಳೆಯ ಕೆಳಗೆ ಇನ್ನೊಂದು ಬಣ್ಣ, ಹಸಿರು. ಯಾವಾಗಲೋ ಈ ಕುರ್ಚಿಗಳೆಲ್ಲ ಹಸಿರಾಗಿದ್ದವು. ಮುಖ್ಯಸ್ಥೆ, "ಸರ್, ನೀವೇನಾದ್ರೂ ಹೇಳ್ತೀರಾ?" ಎಂದಳು. ಅವನು ಎದ್ದು ನಿಂತ. ಬೆಳಿಗ್ಗೆ ಮನಸ್ಸಿನಲ್ಲಿ ಹೇಳಿ ನೋಡಿದ್ದ ವಾಕ್ಯ ಇದ್ದಲ್ಲೇ ಇತ್ತು, ಸಿದ್ಧವಾಗಿ, ಒಂದು ಪದವೂ ಆಚೀಚೆಯಾಗದೆ. ಬಾಯಿ ತೆರೆದ. "ತಪ್ಪು ಯಾರಿಗಾದ್ರೂ ಆಗತ್ತೆ," ಎಂಬ ತನ್ನ ದನಿ ಅವನಿಗೆ ಕೇಳಿಸಿತು. "ಅದನ್ನ ಎಲ್ಲರ ಮುಂದೆ ನಿಂತು ಒಪ್ಪಿಕೊಳ್ಳೋ ಧೈರ್ಯ ಎಲ್ಲರಿಗೂ ಇರಲ್ಲ. ಅವಳು ನನ್ನ ಶಿಷ್ಯೆ ಅಂತ ಹೇಳ್ಕೊಳ್ಳೋಕೆ ನನಗೆ ಹೆಮ್ಮೆ." ಕೊನೆಯ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು, ಆಮೇಲೆ ಎಲ್ಲರೂ ತಟ್ಟಿದರು. ಹುಡುಗಿ ವೇದಿಕೆಯ ಮೇಲೆ ಕಣ್ಣೊರೆಸಿಕೊಂಡಳು. ಅವನು ಕೂತ. ಉಗುರಿನ ಸಂದಿಯಲ್ಲಿ ಬಣ್ಣದ ಚೂರು ಸೇರಿಕೊಂಡು ನೋಯುತ್ತಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆ ಬರುವಾಗ ಬಹಳ ದೊಡ್ಡದಾಗಿ ಬರುತ್ತದೆಂದು ಅವನು ತಿಳಿದಿದ್ದ. ಅಷ್ಟು ದೊಡ್ಡದಿರಲಿಲ್ಲ. ಅದನ್ನು ಇಟ್ಟುಕೊಂಡು ಬಸ್ಸು ಹತ್ತಬಹುದಿತ್ತು, ಊಟ ಮಾಡಬಹುದಿತ್ತು.

ಸಂಜೆ ನೊಣದ ಕೋಣೆಗೆ ಹೋದಾಗ ಅವಳು ಬಲಗಡೆಯ ಹಲಗೆಯ ಸೀಸೆಗಳನ್ನು ಒಂದೊಂದಾಗಿ ತಟ್ಟೆಗೆ ಇಳಿಸುತ್ತಿದ್ದಳು. ಬೆರಕೆಯ ನೊಣ ಯಾವ ಕೆಲಸಕ್ಕೂ ಬರುವುದಿಲ್ಲ, ಮಂಜಿನ ಪೆಟ್ಟಿಗೆಯಲ್ಲಿಟ್ಟರೆ ಬೆಳಗಾಗುವುದರಲ್ಲಿ ಎಲ್ಲ ಮುಗಿದಿರುತ್ತವೆ. ಸೀಸೆಗಳಲ್ಲಿ ಅವು ಎಂದಿನಂತೆ ಗಾಜಿನ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು. ಅವನೂ ಒಂದು ಸೀಸೆ ಎತ್ತಿಕೊಟ್ಟ. "ಮೇಡಂ ಇನ್ನೊಂದು ವರ್ಷ ಕೊಡಿಸ್ತೀನಿ ಅಂದ್ರು ಸರ್," ಎಂದಳು ಅವಳು, ಕೆಲಸ ನಿಲ್ಲಿಸದೆ. "ಮತ್ತೆ ಗುಡ್ಡ ಹತ್ತಬೇಕು. ಮತ್ತೆ ಮೊದಲಿಂದ. ಅಮ್ಮನಿಗೆ ಇನ್ನೂ ಹೇಳಿಲ್ಲ." ತಟ್ಟೆ ತುಂಬಿತು. ಅವಳು ಅದನ್ನು ಮೇಜಿನ ಮೇಲಿಟ್ಟು ಅವನ ಎದುರಿಗೆ ಬಂದು ನಿಂತಳು. "ಆ ಸೆಕೆಯಲ್ಲಿ ನೀವು ಅಷ್ಟು ಕಷ್ಟಪಟ್ಟು ಉಳಿಸಿಕೊಟ್ಟಿದ್ರಿ. ನಾನು ಬಂದು ಹಾಳು ಮಾಡಿದೆ. ಬೆಳಿಗ್ಗೆ ನೀವು ಹೇಳದೆ ಹೋಗಿದ್ರೆ ಇದನ್ನೇ ಪ್ರಬಂಧ ಅಂತ ಕೊಟ್ಟುಬಿಡ್ತಿದ್ದೆ. ನೀವು ಮೊದಲನೇ ದಿನಾನೇ ಹೇಳಿಕೊಟ್ಟಿದ್ರಿ ಸರ್, ಹಾರಿದ ನೊಣ ವಾಪಸ್ ಹಾಕಬೇಡ ಅಂತ. ನಾನು ಹಾಕಿದ್ದು ನೆನಪೇ ಇಲ್ಲ, ಆದ್ರೆ ಹಾಕಿರಲೇಬೇಕು. ಹೊಟ್ಟೆಗೆ ಹಾಕ್ಕೊಳ್ಳಿ ಸರ್."

ಕಿಟಕಿಯ ಗಾಜಿನ ಮೇಲೆ ಸಂಜೆಯ ಬಿಸಿಲಿತ್ತು. ಆ ಬೇಸಿಗೆಯಲ್ಲಿ ಅಲ್ಲೇ, ಆ ಮೂಲೆಯಲ್ಲೇ ಆ ಹೆಣ್ಣುನೊಣ ಕೂತಿತ್ತು. ಅವನಿಗೆ ಚಿಕ್ಕಮ್ಮನ ಕೈ ತಲೆಯ ಮೇಲೆ ಆಡಿದ್ದು ನೆನಪಾಯಿತು. ಆದರೆ ಚಿಕ್ಕಮ್ಮ ಹೊರಟುಹೋಗಿದ್ದಳು, ಮಾರನೆಯ ದಿನವೇ, ಪೆಟ್ಟಿಗೆ ಎತ್ತಿಕೊಂಡು. ಬಚ್ಚಿಟ್ಟುಕೊಂಡದ್ದು ಅವನು. "ಹೋಗಲಿ ಬಿಡು ಮಗು," ಎಂದ. "ಮನಸ್ಸಿಗೆ ಹಚ್ಚಿಕೋಬೇಡ."

ಅವಳು ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಆಮೇಲೆ ಮೊಳೆಗೆ ನೇತಾಡುತ್ತಿದ್ದ ತನ್ನ ಹೀರುಗೊಳವೆಯನ್ನು ತೆಗೆದು, ನೀಲಿ ಟೇಪಿನ ತುದಿಯನ್ನು ಬಟ್ಟೆಗೆ ಒರೆಸಿ, ಅವನ ಮುಂದೆ ಚಾಚಿದಳು. "ಗುಡ್ಡದಿಂದ ಹೊಸ ನೊಣ ತಂದ ಮೇಲೆ ಆ ಸೀಸೆಗಳನ್ನ ನೀವೇ ನೋಡ್ಕೊಳ್ಳಿ ಸರ್. ನಾನು ಮುಟ್ಟಲ್ಲ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಅವನು ಕೈ ಚಾಚಿ ಕೊಳವೆಯನ್ನು ಇಸಿದುಕೊಂಡ. "ಆಯ್ತಮ್ಮ, ನಾನು ನೋಡ್ಕೋತೀನಿ," ಎಂದ. ಚೆನ್ನಾಗಿ ಹೇಳಿದ. ಅವಳಿಗೆ ಸಮಾಧಾನವಾಯಿತು.